ಜೀನಿನ ಜಗಳದಲ್ಲಿ ಮರೆತುಹೋದ ಕಳೆ

ಅಮೆರಿಕದ ಲೂಸಿಯಾನಾ ರಾಜ್ಯದ ಲೂಲಿಂಗ್‌ನಲ್ಲಿ ಗ್ಲೈಫೋಸೇಟ್ ಎಂಬ ಕಳೆನಾಶಕ ತಯಾರಿಸುವ ಮಾನ್ಸಾಂಟೊ ಕಾರ್ಖಾನೆಯಿತ್ತು. ಅದರ ತ್ಯಾಜ್ಯದಲ್ಲೇ ಹಾಯಾಗಿ ಬದುಕಿದ್ದ ಬ್ಯಾಕ್ಟೀರಿಯಾವೊಂದು ಕಂಪನಿಯ ವಿಜ್ಞಾನಿಗಳ ಕಣ್ಣಿಗೆ ಬಿತ್ತು. ಹೆಸರು ಸಿಪಿ4.

ಕೆಲವು ಅಮೈನೊ ಆಮ್ಲ ತಯಾರಿಸಿಕೊಳ್ಳಲು ಗಿಡಗಳಿಗೆ ಇಪಿಎಸ್‌ಪಿಎಸ್ ಎಂಬ ಕಿಣ್ವ ಬೇಕು. ಗ್ಲೈಫೋಸೇಟ್ ಆ ಕಿಣ್ವ ಕೆಲಸ ಮಾಡುವ ಜಾಗದಲ್ಲೇ ಹೋಗಿ ಕೂರುತ್ತದೆ; ಗಿಡ ಒಣಗುತ್ತದೆ. ಸಿಪಿ4ನ ಕಿಣ್ವ ಅದೇ ಕೆಲಸ ಮಾಡಿದರೂ ವಿಷಕ್ಕೆ ಎಡೆ ಕೊಡುವುದಿಲ್ಲ. ಆ ಜೀನು ಹೊತ್ತ ಸೋಯಾ 1996ರಲ್ಲಿ ಅಮೆರಿಕದ ಹೊಲಕ್ಕಿಳಿಯಿತು. ಮೇಲಿಂದ ಸಿಂಪಡಿಸಿದರೆ ಕಳೆ ಸಾಯುತ್ತಿತ್ತು, ಬೆಳೆ ಉಳಿಯುತ್ತಿತ್ತು.

ಈ ಸುಖ ಹೆಚ್ಚು ಕಾಲ ಬಾಳಲಿಲ್ಲ. ಜಾರ್ಜಿಯಾದ ಹತ್ತಿ ಹೊಲಗಳಲ್ಲಿ ಪಾಮರ್ ಅಮರಾಂತ್ ಎಂಬ ಕಳೆ (ನಮ್ಮ ದಂಟಿನ ಸೊಪ್ಪಿನ ದಾಯಾದಿಯೇ) ಗ್ಲೈಫೋಸೇಟ್‌ಗೆ ಜಗ್ಗದೆ ಎದ್ದುನಿಂತಿತು. ಅದು ಬ್ಯಾಕ್ಟೀರಿಯಾದಿಂದ ಏನನ್ನೂ ಎರವಲು ಪಡೆದಿರಲಿಲ್ಲ. ತನ್ನದೇ ಇಪಿಎಸ್‌ಪಿಎಸ್ ಜೀನಿನ ಪ್ರತಿಗಳನ್ನು ಕೆಲವು ಗಿಡಗಳಲ್ಲಿ ನೂರಕ್ಕೂ ಮೀರಿ ಹೆಚ್ಚಿಸಿಕೊಂಡಿತ್ತು. ಅಷ್ಟು ಕಿಣ್ವವನ್ನು ಕಟ್ಟಿಹಾಕುವಷ್ಟು ವಿಷ ಎಲ್ಲಿಂದ ತರುವುದು?

ಕಂಪನಿ ಡೈಕಾಂಬಾ ಎಂಬ ಹಳೆಯ ಕಳೆನಾಶಕದತ್ತ ತಿರುಗಿತು. ಅದನ್ನು ಒಡೆಯುವ ಕಿಣ್ವವನ್ನೂ ಇನ್ನೊಂದು ಬ್ಯಾಕ್ಟೀರಿಯಾವೇ ಒದಗಿಸಿತು. ಆದರೆ ಸಿಂಪಡಿಸಿದ ಡೈಕಾಂಬಾ ಆವಿಯಾಗಿ ನೆರೆಹೊಲಗಳಿಗೆ ಹಬ್ಬಿತು. 2017ರಲ್ಲಿ ಹೀಗೆ ಹಾನಿಗೊಳಗಾದ ಸೋಯಾ ಸುಮಾರು 36 ಲಕ್ಷ ಎಕರೆ ಎಂಬುದು ಮಿಸ್ಸೌರಿ ವಿಶ್ವವಿದ್ಯಾಲಯದ ತಜ್ಞರ ಅಂದಾಜು.

ಭಾರತದ ಚರ್ಚೆ ಮಾತ್ರ ಇನ್ನೂ ಜೀನಿನ ಸುತ್ತಲೇ ಗಿರಕಿ ಹೊಡೆಯುತ್ತಿದೆ. ದೆಹಲಿ ವಿಶ್ವವಿದ್ಯಾಲಯದ ಡಿಎಂಎಚ್-11 ಸಾಸಿವೆಯಲ್ಲಿ 'ಬಾರ್' ಎಂಬ ಜೀನಿದೆ. ತಾನೇ ವಿಷ ತಯಾರಿಸುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಆ ವಿಷದಿಂದ ಪಾರಾಗಲು ಇಟ್ಟುಕೊಂಡ ಜೀನದು. ಅದು ಗ್ಲುಫೋಸಿನೇಟ್ ಎಂಬ ಕಳೆನಾಶಕವನ್ನೂ ನಿಷ್ಕ್ರಿಯಗೊಳಿಸುತ್ತದೆ. 2022ರಲ್ಲಿ ತಳಿಗೆ ಪರಿಸರ ಅನುಮತಿ ಸಿಕ್ಕಾಗ ಷರತ್ತೊಂದಿತ್ತು: ಕಳೆನಾಶಕ ಬೀಜೋತ್ಪಾದನೆಗಷ್ಟೇ, ರೈತರ ಹೊಲಕ್ಕಲ್ಲ.

ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅನುಮತಿಯೇ ಇಲ್ಲದ ಕಳೆನಾಶಕ ಸಹಿಷ್ಣು ಹತ್ತಿಯನ್ನು 2019ರಲ್ಲಿ ಮಹಾರಾಷ್ಟ್ರದ ಅಕೋಲಾ ಜಿಲ್ಲೆಯಲ್ಲಿ ರೈತರು ಸಭೆ ಸೇರಿ, ಬಹಿರಂಗವಾಗಿಯೇ ಬಿತ್ತಿದರು. ಗ್ಲೈಫೋಸೇಟ್ ಸಿಂಪಡಿಸುವ ಕೆಲಸವನ್ನು ಕೇಂದ್ರ ಸರ್ಕಾರ 2022ರಲ್ಲಿ ಕೀಟ ನಿಯಂತ್ರಣ ವೃತ್ತಿಯವರಿಗಷ್ಟೇ ಮೀಸಲಿಟ್ಟಿತು. ಹೊಲದಲ್ಲಿ ಅಂಥವರನ್ನು ಕಂಡ ರೈತರು ಎಷ್ಟಿದ್ದಾರು! ಕಳೆ ಕೀಳಲು ಆಳು ಸಿಗದಿರುವಾಗ, ಸಿಕ್ಕರೂ ಕೂಲಿ ಕೈಗೆಟುಕದಿರುವಾಗ, ಬೆಳೆ ಸಾಯದೆಂದು ಗೊತ್ತಿದ್ದ ರೈತ ಪಂಪು ಹೆಗಲಿಗೇರಿಸುವುದು ಸಹಜ.

ಸಾಸಿವೆಗೆ ಸಿಕ್ಕ ಆ ಅನುಮತಿಯನ್ನು ಪ್ರಶ್ನಿಸಿದ ಪ್ರಕರಣದಲ್ಲಿ 2024ರ ಜುಲೈನಲ್ಲಿ ಭಿನ್ನ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಬ್ಬರೂ ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿ ಬೇಕೆಂಬುದನ್ನು ಒಪ್ಪಿದ್ದರು. ಆ ನೀತಿ ಜೀನಿನ ಸುರಕ್ಷತೆಗಷ್ಟೇ ನಿಲ್ಲಬಾರದು. ಬೀಜದ ಜೊತೆಗೆ ಬರುವ ಕಳೆನಾಶಕವನ್ನು ಯಾರು, ಎಷ್ಟು ಸಲ ಬಳಸಬಹುದು, ಪಕ್ಕದ ಹೊಲ ಸುಟ್ಟರೆ ಪರಿಹಾರ ಯಾರದು, ಜಗ್ಗದ ಕಳೆ ಮೊದಲು ಕಂಡ ತಾಲ್ಲೂಕಿನಲ್ಲಿ ಮಾರಾಟ ನಿಲ್ಲಿಸುವ ಅಧಿಕಾರ ಯಾರಿಗೆ ಎಂಬುದೆಲ್ಲ ಬಿತ್ತನೆಗೆ ಮೊದಲೇ ಅದರಲ್ಲಿ ಬರೆದಿರಬೇಕು.