ಹೊಸ ರಕ್ತಪರೀಕ್ಷೆ ಯಾರ ಪಾಲಿಗೆ?

ಯಕೃತ್ತಿನ ಕ್ಯಾನ್ಸರಿನ ಸುಳಿವನ್ನು ಒಂದಿಷ್ಟು ರಕ್ತದಲ್ಲಿಯೇ ಹಿಡಿಯುವ ‘ಲಿಕ್ವಿಡ್ ಬಯಾಪ್ಸಿ’ಯ ಸುದ್ದಿ ದೊಡ್ಡ ಪಟ್ಟಣಗಳಿಂದ ಬರುತ್ತಿದೆ. ಗಡ್ಡೆಯ ಜೀವಕೋಶಗಳು ಸಾಯುವಾಗ ಅವುಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತವೆ. ಅವನ್ನು ಹೆಕ್ಕಿ ಓದುವುದೇ ಈ ಪರೀಕ್ಷೆ. ಯಕೃತ್ತಿಗೆ ಸೂಜಿ ಚುಚ್ಚಿ ತುಣುಕು ತೆಗೆಯುವಾಗಿನ ರಕ್ತಸ್ರಾವದ ಭಯ ಇದರಲ್ಲಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೆ ರೋಗ ಮರುಕಳಿಸುವ ಸೂಚನೆಯನ್ನೂ ಇದು ಮುಂಚಿತವಾಗಿ ಕೊಡಬಲ್ಲದು. ವಿಜ್ಞಾನದ ಈ ಮುನ್ನಡೆಯನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ.

ಆದರೆ ಇಳಕಲ್ಲಿನ ನೇಕಾರನಿಗೆ, ಹುನಗುಂದದ ಕೂಲಿಕಾರಳಿಗೆ, ಬಾದಾಮಿಯ ರೈತನಿಗೆ ಇದರಿಂದ ಇಂದು ಸಿಕ್ಕಿದ್ದೇನು? ಗಡ್ಡೆ ಸಣ್ಣದಿರುವಾಗ ರಕ್ತಕ್ಕೆ ಸೇರುವ ಚೂರುಗಳೂ ಅತ್ಯಲ್ಪ. ಆದ್ದರಿಂದ ಹಳೆಯ ತಪಾಸಣೆಯ ಸ್ಥಾನವನ್ನು ಹೊಸದು ಇನ್ನೂ ಪಡೆದಿಲ್ಲ. ಆ ಹಳೆಯದು ಯಾವುದು? ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ ಎಂಬ ರಕ್ತಪರೀಕ್ಷೆ. ಈ ಎಎಫ್‌ಪಿಯನ್ನು 1963ರಲ್ಲಿ ಮಾಸ್ಕೋದ ಅಬೆಲೆವ್ ಮತ್ತು ಸಂಗಡಿಗರು ಗಡ್ಡೆಯಿದ್ದ ಇಲಿಗಳಲ್ಲಿ, 1964ರಲ್ಲಿ ತಾತಾರಿನೊವ್ ರೋಗಿಗಳ ರಕ್ತದಲ್ಲಿ ಗುರುತಿಸಿದರು. ಅರವತ್ತು ವರ್ಷ ಹಳೆಯದಾದ ಈ ಪರೀಕ್ಷೆಗೂ ದಿನಗೂಲಿಯವನು ದೂರದ ಬಸ್ಸು ಹತ್ತಬೇಕಾದರೆ ಅಂದಿನ ಕೂಲಿ ಬಿಡಬೇಕು. ನೋವು ಕಾಣಿಸುವ ತನಕ ಆತ ತಡೆಯುತ್ತಾನೆ. ಅಷ್ಟರಲ್ಲಿ ರೋಗ ಬಲಿತಿರುತ್ತದೆ.

ಬೆಲೆ ಹೆಚ್ಚೆಂಬ ನೆಪವನ್ನು ನಾವು ಒಪ್ಪುವುದಿಲ್ಲ. ಈ ಕ್ಯಾನ್ಸರಿನ ಮುಖ್ಯ ಮೂಲಗಳಲ್ಲೊಂದು ಹೆಪಟೈಟಿಸ್ ಬಿ. ಅದರ ಲಸಿಕೆ ಹೊರದೇಶದಿಂದ ಬರುವಾಗ ಬಡವರ ಕೈಗೆಟುಕುತ್ತಿರಲಿಲ್ಲ. ಬಾಗಲಕೋಟೆ ಜಿಲ್ಲೆಯಾದ 1997ರಲ್ಲಿಯೇ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಅದನ್ನು ಇಲ್ಲಿಯೇ ತಯಾರಿಸಿ ಮಾರುಕಟ್ಟೆಗೆ ತಂದಿತು, ಬೆಲೆ ಇಳಿಯಿತು. ಇಂದು ಸರಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ ಅದು ಪುಕ್ಕಟೆ. ದೇಶದಲ್ಲಿ ತಯಾರಿ, ಸರಕಾರದಿಂದ ಖರೀದಿ, ಎಲ್ಲರಿಗೂ ಹಂಚಿಕೆ: ಹೊಸ ಪರೀಕ್ಷೆಗೂ ಇದೇ ದಾರಿ.

ಅಲ್ಲಿಯವರೆಗೆ ಕೈಕಟ್ಟಿ ಕೂಡ್ರುವುದು ಬೇಡ. ಪ್ರತಿ ಕೂಸಿಗೂ 24 ಗಂಟೆಯೊಳಗೆ ಲಸಿಕೆ ಬೀಳಲಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಉಚಿತ ಪರೀಕ್ಷೆ, ಔಷಧಿ ಪ್ರತಿ ಹಳ್ಳಿಗೂ ಮುಟ್ಟಲಿ. ಹೆಪಟೈಟಿಸ್ ಬಿ ಮತ್ತು ಸಿರೋಸಿಸ್ ರೋಗಿಗಳ ಪಟ್ಟಿಯನ್ನು ತಾಲೂಕು ಆಸ್ಪತ್ರೆಯೇ ಇಟ್ಟು, ವೈದ್ಯರು ತಪಾಸಣೆ ಬೇಕೆಂದವರನ್ನು ಆರು ತಿಂಗಳಿಗೊಮ್ಮೆ ಕರೆಯಲಿ. ಮದ್ಯದ ಅಬಕಾರಿಯಿಂದ ಬೊಕ್ಕಸ ತುಂಬಿಕೊಳ್ಳುವ ಸರಕಾರ, ಅದೇ ಮದ್ಯದಿಂದ ಯಕೃತ್ತು ಕೆಟ್ಟವನ ತಪಾಸಣೆಗೆ ಹಣವಿಲ್ಲವೆನ್ನುವ ಹಾಗಿಲ್ಲ. ಬೆಂಗಳೂರಿನ ಕಿದ್ವಾಯಿಯಂಥ ಸರಕಾರಿ ಸಂಸ್ಥೆಗಳು ಹೊಸ ಪರೀಕ್ಷೆಯನ್ನು ಒರೆಗೆ ಹಚ್ಚಲಿ. ಅದು ನಿಜವೆಂದು ಸಿದ್ಧವಾದ ದಿನ, ಬಡವನ ರಕ್ತಕ್ಕೂ ಅಲ್ಲಿ ಸಾಲಿನಲ್ಲಿ ಜಾಗವಿರಲಿ.