ಮೆಂಟೆನೆನ್ಸ್ ತರಬೇತಿ ಆನ್‌ಲೈನ್‌ಗೆ ಬಂತು, ಬೋಲ್ಟ್ ಬಿಚ್ಚುವವರಿಗೆ ಯಾವಾಗ?

ಚೆನ್ನೈ: ಯಂತ್ರ ಕೆಟ್ಟು ನಿಂತ ಮೇಲೆ ರಿಪೇರಿಗೆ ಓಡುವುದು ದುಬಾರಿ ಪದ್ಧತಿ. ಬೇರಿಂಗ್‌ನ ಕಂಪನ, ಎಣ್ಣೆಯಲ್ಲಿ ಸೇರಿದ ಲೋಹದ ಪುಡಿ, ಮೋಟರ್‌ನ ಬಿಸಿ ನೋಡಿ ದೋಷವನ್ನು ಮೊದಲೇ ಹಿಡಿಯುವುದು ಇಂದಿನ ಕಾರ್ಖಾನೆ ಮೆಂಟೆನೆನ್ಸ್. ಇದನ್ನು ಕಲಿಯಲು ಶ್ರೀಪೆರಂಬದೂರಿನ ಎಂಜಿನಿಯರ್ ಈಗ ರಜೆ ಹಾಕಬೇಕಿಲ್ಲ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಕಟ್ಟಿದ, ಐಐಟಿ ಮದ್ರಾಸ್ ಸಮನ್ವಯದ ಎನ್‌ಪಿಟಿಇಎಲ್‌ನಲ್ಲಿ ಪಾಠ ಉಚಿತ. ಐಐಟಿ ಖರಗ್‌ಪುರದ ಪ್ರೊ. ಎ.ಆರ್. ಮೊಹಾಂತಿ ಅವರ ಯಂತ್ರದೋಷ ಪತ್ತೆಯ ಕೋರ್ಸ್ ಅಲ್ಲಿದೆ.

ಸರ್ಟಿಫಿಕೇಟ್ ಬೇಕಿದ್ದರೆ ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೇ ಹೋಗಬೇಕು. ವಾರದ ಅಸೈನ್‌ಮೆಂಟ್‌ಗೆ 25 ಅಂಕ, ಪರೀಕ್ಷೆಗೆ 75. ಮನೆಯಲ್ಲಿ ಕೂತು ಕಾಪಿ ಹೊಡೆದು ಪಾಸಾಗುವ ಬಾಬತ್ತಲ್ಲ ಇದು.

ಇಂಥ ಓದಿನಿಂದ ಏನು ಪ್ರಯೋಜನ ಎನ್ನುವವರು ವಿಶಾಖಪಟ್ಟಣವನ್ನು ನೆನೆಯಬಹುದು. 2020ರ ಮೇ 7ರಂದು ಎಲ್‌ಜಿ ಪಾಲಿಮರ್ಸ್ ಘಟಕದಿಂದ ಸ್ಟೈರೀನ್ ಸೋರಿ 12 ಜನ ಸತ್ತರು. ಲಾಕ್‌ಡೌನ್‌ನಲ್ಲಿ ಟ್ಯಾಂಕ್ ಸುಮ್ಮನೆ ನಿಂತಿತ್ತು. ಅದರ ತಾಪಮಾನವನ್ನು ತಳಭಾಗದಲ್ಲಿ ಮಾತ್ರ ಅಳೆಯಲಾಗುತ್ತಿತ್ತು, ಮೇಲಿನ ದ್ರವ ಕಾಯುತ್ತಿದ್ದುದು ತಿಳಿಯಲೇ ಇಲ್ಲ ಎಂಬುದು ತನಿಖೆಯಲ್ಲಿ ಬಯಲಾಯಿತು. ಎಲ್ಲಿ ಅಳೆಯಬೇಕು, ಎಷ್ಟು ಸಲ ಅಳೆಯಬೇಕು ಎಂದು ನಿರ್ಧರಿಸುವುದು ಮ್ಯಾನೇಜರ್ ಕೆಲಸ. ಅದನ್ನು ಪರದೆಯ ಮೇಲೂ ಕಲಿಸಬಹುದು.

ಆದರೆ ಸಮಸ್ಯೆ ಅಲ್ಲಿಗೇ ಮುಗಿಯುವುದಿಲ್ಲ. ಅದೇ ಮೇ 7ರಂದು ಕರ್ನಾಟಕಕ್ಕೂ ವಿದ್ಯುತ್ ಕೊಡುವ ತಮಿಳುನಾಡಿನ ನೈವೇಲಿ ಎರಡನೇ ಉಷ್ಣ ಸ್ಥಾವರದಲ್ಲಿ ಬಾಯ್ಲರ್ ಸ್ಫೋಟಿಸಿತು. ಎರಡು ತಿಂಗಳೂ ಕಳೆದಿರಲಿಲ್ಲ, ಜುಲೈ 1ರಂದು ಅದೇ ಸ್ಥಾವರದಲ್ಲಿ ಮತ್ತೊಂದು ಸ್ಫೋಟ. ಆ ದಿನವೇ 6 ಮಂದಿ ಸತ್ತರು, ಬಳಿಕ ಸಾವಿನ ಸಂಖ್ಯೆ ಏರಿತು. ಬಲಿಯಾದವರಲ್ಲಿ ಗುತ್ತಿಗೆ ಕಾರ್ಮಿಕರೂ ಇದ್ದರು.

ಕವಾಟ ತೆರೆಯುವ ಮುನ್ನ ಲೈನ್‌ನಲ್ಲಿ ಒತ್ತಡ ಇದೆಯೇ, ಸ್ವಿಚ್‌ಗೆ ಬೀಗ ಬಿದ್ದಿದೆಯೇ, ಕೆಲಸದ ಪರ್ಮಿಟ್‌ಗೆ ಯಾರ ಸಹಿ ಇದೆ ಎಂದು ಕೇಳುವ ಅಧಿಕಾರ ಬೇಕಿರುವುದು ಇಂಥವರಿಗೇ. ಗುತ್ತಿಗೆದಾರ ಬದಲಾದರೆ ತಂಡವೂ ಬದಲಾಗುತ್ತದೆ, ಕಲಿಸಿದ್ದೂ ಅದರ ಜತೆ ಹೋಗುತ್ತದೆ. ಪಾಠಗಳೋ ಬಹುತೇಕ ಇಂಗ್ಲಿಷ್‌ನಲ್ಲಿ. ಕೆಲವಕ್ಕೆ ಕನ್ನಡ, ತಮಿಳು ಅನುವಾದ ಇದೆ ನಿಜ, ಆದರೆ ಪಾಳಿ ಮುಗಿಸಿ ಬಂದ ಫಿಟ್ಟರ್ ತನ್ನ ನಿದ್ದೆ, ತನ್ನ ಮೊಬೈಲ್ ಡೇಟಾ ಖರ್ಚು ಮಾಡಿ ಅದನ್ನು ನೋಡಬೇಕೆಂದು ನಿರೀಕ್ಷಿಸುವುದು ಅನ್ಯಾಯ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಚೈನ್ ಕಡಿದು ಕೊಚ್ಚಿಹೋದಾಗ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಬೇಕಾಯಿತು. ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿಗೇ ಸ್ಟಾಪ್‌ಲಾಗ್ ಇಳಿಸಲಾಯಿತು. ಇಂಥ ಅನುಭವಿಗಳನ್ನು ಕ್ಯಾಮೆರಾ ಮುಂದೆ ಕೂರಿಸಿ, ಕೆಲಸಗಾರರ ಭಾಷೆಯಲ್ಲೇ ಪಾಠ ಮಾಡಿಸಲು ಐಐಟಿಯ ಸ್ಟುಡಿಯೊ ಸಾಕು. ಅದನ್ನು ನೋಡುವ ಹೊತ್ತಿಗೂ ಕೂಲಿ ಕೊಡಬೇಕೆಂಬ ಷರತ್ತನ್ನು ಟೆಂಡರ್‌ನಲ್ಲಿ ಸೇರಿಸಬೇಕಾದವರು ಮಾತ್ರ ಕಾರ್ಖಾನೆಯವರು.