ಕಪ್ಪು ಬಣ್ಣ ವಯಸ್ಸು ಹೇಳದು

ಅಮೆರಿಕದ ಫ್ಲಾರಿಡಾ ರಾಜ್ಯದ ಪೀಸ್ ನದಿಯಲ್ಲಿ ಚಳಿಗಾಲದ ಒಣ ತಿಂಗಳುಗಳಲ್ಲಿ ನೀರು ತಗ್ಗುತ್ತದೆ. ಆಗ ಜನ ಸಲಿಕೆ, ಜರಡಿ ಹಿಡಿದು ಹೊಳೆಗಿಳಿಯುತ್ತಾರೆ. ಮರಳು ಸೋಸಿ ಹೋದ ಮೇಲೆ ಉಳಿಯುವ ಕಪ್ಪು ಕಲ್ಲುಗಳ ನಡುವೆ ಶಾರ್ಕ್ ಹಲ್ಲುಗಳಿರುತ್ತವೆ. ಒಂದು ಕಾಲಕ್ಕೆ ಅಲ್ಲಿ ಕಡಲಿತ್ತು. ಆ ಕಡಲತಳದ ಫಾಸ್ಫೇಟ್ ಪದರಗಳನ್ನು ನದಿ ಇಂದಿಗೂ ಕೊರೆಯುತ್ತಿದೆ. ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದು, ಬೇಗ ಕೊಳೆಯುತ್ತದೆ, ಉಳಿಯುವುದು ಹಲ್ಲು. ಹಳೆಯದು ಉದುರಿ ಹೊಸದು ಬರುತ್ತಲೇ ಇರುವುದರಿಂದ ಒಂದೊಂದು ಶಾರ್ಕೂ ಬಾಳಿನುದ್ದಕ್ಕೂ ಸಾವಿರಾರು ಹಲ್ಲು ಉದುರಿಸುತ್ತದೆ.

ಹಲ್ಲು ಕಪ್ಪಾದಷ್ಟೂ ಹಳೆಯದು ಎಂದು ಅನೇಕರು ನಂಬುತ್ತಾರೆ. ಅದು ಸರಿಯಲ್ಲ. ಬಣ್ಣ ಬರುವುದು ಹಲ್ಲು ಹುದುಗಿದ್ದ ಮಣ್ಣಿನ ಖನಿಜಗಳಿಂದ. ಜೊತೆಗೆ ಸಿಕ್ಕ ವಸ್ತುವನ್ನೂ ನಂಬುವಂತಿಲ್ಲ: ಹಿಮಯುಗದ ಮ್ಯಾಮತ್ ಆನೆಯ ಹಲ್ಲು, ಅದಕ್ಕಿಂತ ಲಕ್ಷಾಂತರ ವರ್ಷ ಹಿಂದಿನ ಶಾರ್ಕ್ ಹಲ್ಲು ಎರಡೂ ಒಂದೇ ಜರಡಿಗೆ ಬೀಳುತ್ತವೆ.

ಆದ್ದರಿಂದ ನೋಡಬೇಕಾದದ್ದು ಆಕಾರವನ್ನು. ಹುಲಿ ಶಾರ್ಕಿನ ಹಲ್ಲು ಹುಂಜದ ಜುಟ್ಟಿನಂತೆ ಒಂದು ಬದಿಗೆ ವಾಲಿ, ಹಿಂಬದಿಯಲ್ಲಿ ಆಳವಾದ ಕಚ್ಚು ಹೊಂದಿರುತ್ತದೆ. ಲೆಮನ್ ಶಾರ್ಕಿನದು ಕಿರಿದು, ಅದರ ಅಲಗಿಗೆ ಗರಗಸವಿಲ್ಲ. ಹೆಮಿಪ್ರಿಸ್ಟಿಸ್ ಎಂಬ ಶಾರ್ಕಿನದು ತೊಡಕಿನದು: ಮೇಲ್ದವಡೆಯ ಹಲ್ಲು ಅಗಲವಾಗಿ ಬಾಗಿ ಒರಟು ಗರಗಸ ಹೊತ್ತಿದ್ದರೆ, ಕೆಳದವಡೆಯ ಮುಂಭಾಗದ್ದು ಸಣ್ಣಗೆ, ಚೂಪಾಗಿರುತ್ತದೆ. ಎರಡನ್ನೂ ಕೈಯಲ್ಲಿ ಹಿಡಿದವರಿಗೆ ಇವು ಒಂದೇ ಬಾಯಿಯವು ಎಂದರೆ ನಂಬಿಕೆಯೇ ಬಾರದು. ದೈತ್ಯ ಶಾರ್ಕ್ ಮೆಗಲೊಡಾನಿನ ಗುರುತು ಗಾತ್ರವೊಂದೇ ಅಲ್ಲ. ಅಂಚಿನುದ್ದಕ್ಕೂ ನವಿರಾದ ಗರಗಸ, ಅಲಗು ಮತ್ತು ಬೇರಿನ ನಡುವೆ ಒಂದು ಪಟ್ಟಿ. ಇಂದಿನ ಬಿಳಿ ಶಾರ್ಕಿನ ಹಲ್ಲಿಗೆ ಆ ಪಟ್ಟಿ ಇಲ್ಲ.

ಮೆಗಲೊಡಾನ್ ಸುಮಾರು 36 ಲಕ್ಷ ವರ್ಷಗಳ ಹಿಂದೆಯೇ ಅಳಿದುಹೋಯಿತು. ಹಾಗಾಗಿ ಅದರ ಹೆಸರು ಗೊತ್ತಾದರೆ ಹಲ್ಲಿನ ಕನಿಷ್ಠ ವಯಸ್ಸೂ ಗೊತ್ತಾದಂತೆ. ಹುಲಿ ಶಾರ್ಕ್, ಲೆಮನ್ ಶಾರ್ಕುಗಳ ಕುಲ ಇವತ್ತಿಗೂ ಕಡಲಲ್ಲಿದೆ. ಅವುಗಳ ಹೆಸರಿನಿಂದ ಕಾಲ ತಿಳಿಯದು. ನದಿಯಲ್ಲಿ ಉರುಳಿ ಅಂಚು ಸವೆದ ಹಲ್ಲಿಗಂತೂ ಊಹೆಯ ಹೆಸರು ಅಂಟಿಸುವುದಕ್ಕಿಂತ ಬರಿದೆ ‘ಶಾರ್ಕ್’ ಎಂದು ಬರೆದಿಡುವುದೇ ಮೇಲು.

ಆದರೆ ನಮ್ಮ ಒಡಿಶಾದ ಬಾರಿಪದಾ ಬಳಿ ಬುಢಾಬಲಂಗ ನದಿಯ ದಂಡೆಯಲ್ಲಿ ಇಂಥ ಹಲ್ಲುಗಳು ಮಯೋಸೀನ್ ಕಾಲದ ಪದರದಲ್ಲೇ ಹುದುಗಿವೆ. ಅಲ್ಲಿ ಕಾಲ ಹೇಳುವುದು ಪದರ. ಅಂಥ ಕಡೆ ಹಲ್ಲು ಕಂಡರೆ ಕಿತ್ತುಕೊಳ್ಳಬೇಡಿ. ಇದ್ದಲ್ಲೇ ಫೋಟೊ ತೆಗೆದು, ಜಾಗ ಬರೆದಿಟ್ಟು, ಭೂವಿಜ್ಞಾನ ಬಲ್ಲವರಿಗೆ ತಿಳಿಸಿ.